ನಿಯೋಜನೆಯ ನಡುವೆ ಎರಡು ವಾರ ರಜೆಗೆ ಬರುವ ಪತಿಯನ್ನು ಹೇಗೆ ಸ್ವಾಗತಿಸಬೇಕು, ಆ ದಿನಗಳನ್ನು ಹೇಗೆ ಸಂಭ್ರಮಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಸೈನಿಕರಾದ ಪತಿ ಹಲವು ತಿಂಗಳುಗಳಿಂದ ದೂರದ ನಿಯೋಜನೆಯಲ್ಲಿದ್ದಾರೆ, ಅದರ ನಡುವೆ ಎರಡು ವಾರಗಳ ಮಟ್ಟಿಗೆ ಮನೆಗೆ ಬರುತ್ತಿದ್ದಾರೆ, ನಾಲ್ಕು ವರ್ಷದ ಮಗಳಿದ್ದಾಳೆ, ಬಂಧುಗಳು ದೊಡ್ಡದೊಂದು ಸ್ವಾಗತಕೂಟ ಆಗಲೇಬೇಕೆನ್ನುತ್ತಿದ್ದಾರೆ, ನಿಮಗೋ ಮೂವರೇ ಎಲ್ಲಿಗಾದರೂ ಹೋಗಿಬಿಡುವ ಮನಸ್ಸಿದೆ. ನನ್ನ ಪತ್ನಿ ಸೇನೆಯ ವೈದ್ಯಕೀಯ ವಿಭಾಗದಲ್ಲಿದ್ದಾಳೆ. ಇಂಥ ರಜೆಗಳನ್ನು ನಾನು ಮನೆಯಲ್ಲಿ ಕಾಯುವವರ ಕಡೆಯಿಂದ ಕಂಡಿದ್ದೇನೆ. ನನ್ನ ಸಲಹೆ ಇಷ್ಟು: ಇದನ್ನು ಮರಳಿ ಬಂದದ್ದೆಂದು ಭಾವಿಸದೆ, ಬಂದು ಹೋಗುವ ಭೇಟಿಯೆಂದೇ ಒಪ್ಪಿಕೊಂಡು ಅದರ ಅಳತೆಗೆ ತಕ್ಕಂತೆ ಸಂಭ್ರಮವನ್ನು ಯೋಜಿಸಿ. ದೊಡ್ಡ ಸ್ವಾಗತಕೂಟ ನಿಯೋಜನೆ ಮುಗಿದ ಮೇಲೆ ಆಗಲಿ. ದೂರದ ಪ್ರವಾಸವೂ ಈಗ ಬೇಡವೆಂದೇ ನನ್ನ ಅಭಿಪ್ರಾಯ.

ನಿಯೋಜನೆ ಮುಗಿಸಿ ಬರುವವರು ಅಲ್ಲಿನ ಹೊಣೆಯನ್ನು ಬೇರೆಯವರಿಗೆ ವಹಿಸಿಕೊಟ್ಟು, ಗಂಟುಮೂಟೆ ಕಟ್ಟಿ, ಸಂಗಡಿಗರ ಜೊತೆಯಲ್ಲೇ ಹೊರಟಿರುತ್ತಾರೆ. ನಡುವೆ ರಜೆಗೆ ಬರುವವರ ಹಾಸಿಗೆ, ಪೆಟ್ಟಿಗೆ, ಅರ್ಧಕ್ಕೆ ನಿಂತ ಕೆಲಸ ಎಲ್ಲವೂ ಅಲ್ಲೇ ಇರುತ್ತವೆ; ಅವರ ಪಾಲಿನ ಕೆಲಸವನ್ನು ಹಂಚಿಕೊಂಡು ಮಾಡುತ್ತಿರುವ ಸಂಗಡಿಗರೂ ಅಲ್ಲೇ ಇರುತ್ತಾರೆ. ಮಾತಿನ ನಡುವೆ ಫೋನ್ ಸದ್ದಾದರೆ ಕೈ ತಾನಾಗಿ ಅತ್ತ ಹೋಗುವುದು ನಿಮ್ಮ ಮೇಲಿನ ಅಸಡ್ಡೆಯಿಂದಲ್ಲ. ಸಂಶೋಧಕಿ ಪಾಲಿನ್ ಬಾಸ್ ಅವರು 1970ರ ದಶಕದಲ್ಲಿ, ಯುದ್ಧದಲ್ಲಿ ನಾಪತ್ತೆಯಾದ ಅಮೆರಿಕನ್ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುತ್ತ ಅಸ್ಪಷ್ಟ ಅಗಲಿಕೆ ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ದೇಹ ದೂರವಿದ್ದರೂ ಮನೆಯವರ ಮನಸ್ಸಿನಲ್ಲಿ ಸದಾ ಇರುವವರು ಒಂದು ಬಗೆ. ಎದುರಿಗೇ ಕುಳಿತಿದ್ದರೂ ಮನಸ್ಸು ಬೇರೆಡೆ ಇರುವವರು ಇನ್ನೊಂದು ಬಗೆ. ನೀವು ಇಷ್ಟು ತಿಂಗಳು ಮೊದಲನೆಯದನ್ನು ಅನುಭವಿಸಿದ್ದೀರಿ. ರಜೆಯ ಕೆಲವು ಗಂಟೆಗಳಲ್ಲಿ ಎರಡನೆಯದೂ ಎದುರಾಗಬಹುದು. ಅದನ್ನು ಮೊದಲೇ ತಿಳಿದಿದ್ದರೆ, ಇಷ್ಟೆಲ್ಲ ಮಾಡಿದರೂ ಇವರಿಗೆ ಸಂತೋಷವಾಗಲಿಲ್ಲ ಎಂಬ ತೀರ್ಮಾನಕ್ಕೆ ನೀವು ಅವಸರದಲ್ಲಿ ಬರುವುದಿಲ್ಲ.

ಇನ್ನೊಂದು ಅಳುಕನ್ನೂ ಇಲ್ಲೇ ಪ್ರಸ್ತಾಪಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಅದರ ಛಾಯೆಯಿದೆ: ಅವರ ಸಂಗಡಿಗರು ಅಲ್ಲಿ ಕಷ್ಟದಲ್ಲಿರುವಾಗ ನಾವಿಲ್ಲಿ ಸಂಭ್ರಮಿಸುವುದು ಸರಿಯೇ ಎಂಬುದು. ಸರಿ ಎಂದೇ ಹೇಳುತ್ತೇನೆ. ರಜೆ ಯಾರೋ ಕನಿಕರದಿಂದ ಕೊಟ್ಟದ್ದಲ್ಲ, ಸೇನೆಗಳು ಪಾಠ ಕಲಿತು ರೂಪಿಸಿಕೊಂಡ ವ್ಯವಸ್ಥೆ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ ಫ್ರೆಂಚ್ ಪಡೆಗಳಲ್ಲಿ ಅವಿಧೇಯತೆ ಹಬ್ಬಿದಾಗ ಸೈನಿಕರ ಮುಖ್ಯ ದೂರುಗಳಲ್ಲಿ ಒಂದು, ಮನೆಗೆ ಹೋಗಲು ರಜೆ ಸಿಗುತ್ತಿಲ್ಲ ಎಂಬುದಾಗಿತ್ತು. ಸೇನಾಪತಿಯಾಗಿ ಬಂದ ಪೆಟೆನ್ ಕೈಗೊಂಡ ಮೊದಲ ಸುಧಾರಣೆಗಳಲ್ಲಿ ಪ್ರತಿ ನಾಲ್ಕು ತಿಂಗಳಿಗೆ ಏಳು ದಿನಗಳ ರಜೆಯನ್ನು ಖಾತರಿಪಡಿಸುವುದೂ ಸೇರಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿದ್ದ ತನ್ನ ಸೈನಿಕರಿಗಾಗಿ ಅಮೆರಿಕ 2003ರಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿಯೂ ಹನ್ನೆರಡು ತಿಂಗಳ ನಿಯೋಜನೆಯ ನಡುವೆ 15 ದಿನಗಳ ರಜೆಯಿತ್ತು. ನಿಮ್ಮ ಪತಿ ತಮ್ಮ ಸರದಿಯ ರಜೆಯಲ್ಲಿ ಬರುತ್ತಿದ್ದಾರೆ. ಮುಂದೆ ಸಂಗಡಿಗರ ಸರದಿಯೂ ಬರುತ್ತದೆ.

ಸಿದ್ಧತೆಯ ಮೊದಲ ನಿಯಮ, ದಿನಾಂಕವನ್ನು ನಂಬದಿರುವುದು. ಹವಾಮಾನ, ವಾಹನ ಸೌಲಭ್ಯ, ಬದಲಿ ಸಿಬ್ಬಂದಿ, ಕಾರ್ಯಾಚರಣೆಯ ತುರ್ತು, ಇವುಗಳಲ್ಲಿ ಯಾವುದು ಕೈಕೊಟ್ಟರೂ ರಜೆ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ರದ್ದುಮಾಡಲಾಗದ ಟಿಕೆಟ್, ಮುಂಗಡ ಕೊಟ್ಟು ಕಾದಿರಿಸಿದ ಸಭಾಂಗಣ ಇವು ಯಾವುವೂ ಬೇಡ. ಮಗಳಿಗಂತೂ ಇಂಥ ದಿನ ಅಪ್ಪ ಬರುತ್ತಾರೆಂದು ಹೇಳದಿರಿ. ಅವರು ಪ್ರಯಾಣದ ಕೊನೆಯ ಹಂತ ತಲುಪಿದ ಮೇಲೆ ಹೇಳಿದರೆ ಸಾಕು. ಗೋಡೆಯ ಮೇಲೆ ದಿನ ಎಣಿಸುವ ಪಟ್ಟಿ ಅಂಟಿಸುವುದು ನೋಡಲು ಚೆಂದ. ಆದರೆ ದಿನಾಂಕ ಜಾರಿದರೆ ನಾಲ್ಕು ವರ್ಷದ ಮಗು ಸೇನೆಯನ್ನು ದೂರುವುದಿಲ್ಲ, ಅಪ್ಪ ಮಾತು ತಪ್ಪಿದರೆಂದು ತಿಳಿಯುತ್ತದೆ.

ಇದರ ಜೊತೆಗೇ ಗೌಪ್ಯತೆಯ ವಿಷಯ. ಬರುವ ದಿನ, ಮಾರ್ಗ, ಯೂನಿಟ್ಟಿನ ಹೆಸರು, ಎಷ್ಟು ಜನ ಒಟ್ಟಿಗೆ ರಜೆಯ ಮೇಲೆ ಹೊರಟಿದ್ದಾರೆ ಎಂಬುದು, ಹಿಂದಿರುಗುವ ದಿನ ಇವು ಯಾವುವೂ ಸಾಮಾಜಿಕ ಜಾಲತಾಣದಲ್ಲಿ ಕಾಣಿಸಿಕೊಳ್ಳಬಾರದು. ಒಂದು ಮನೆಯಿಂದ ಹೊರಬಿದ್ದ ಒಂದು ಸಾಲಿನಿಂದ ಏನೂ ಆಗದಿರಬಹುದು. ಆದರೆ ಅಂಥ ಸಾಲುಗಳನ್ನು ಹಲವು ಕಡೆಯಿಂದ ಆಯ್ದು ಜೋಡಿಸುವವರಿಗೆ ಪಡೆಯ ಚಲನವಲನವೇ ಸಿಕ್ಕಿಬಿಡುತ್ತದೆ. ಅತ್ಯುತ್ಸಾಹದ ಸಂಬಂಧಿಕರೇ ಇಲ್ಲಿ ದೊಡ್ಡ ತಲೆನೋವು. ಚಿತ್ರಗಳನ್ನು ಅವರು ಹಿಂದಿರುಗಿ ಕೆಲ ಕಾಲ ಕಳೆದ ಮೇಲೆ, ಸ್ಥಳದ ಗುರುತನ್ನು ತೆಗೆದು, ಅವರ ಒಪ್ಪಿಗೆ ಪಡೆದು ಹಾಕಬಹುದು ಎಂದು ಎಲ್ಲರಿಗೂ ಮೊದಲೇ ಲಿಖಿತವಾಗಿ ತಿಳಿಸಿಬಿಡಿ.

ಬಂದ ದಿನ ಮತ್ತು ಮರುದಿನ ಏನನ್ನೂ ಇಟ್ಟುಕೊಳ್ಳಬೇಡಿ. ಹಲವು ಹಂತಗಳ ಪ್ರಯಾಣ, ನಡುನಡುವೆ ಗಂಟೆಗಟ್ಟಲೆ ಕಾಯುವುದು, ದೇಶ ಬದಲಾಗಿದ್ದರೆ ಹೊತ್ತಿನ ವ್ಯತ್ಯಾಸ ಇವೆಲ್ಲ ಸೇರಿ ನಿದ್ರೆ ಹದಗೆಟ್ಟಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಮನೆಯೇ ತುಸು ಅಪರಿಚಿತವಾಗಿರುತ್ತದೆ. ಒಮ್ಮೆ ನನ್ನ ಪತ್ನಿ ಬಂದ ಬೆಳಿಗ್ಗೆಯೇ ಕತ್ತರಿಗಾಗಿ ಹಳೆಯ ಡ್ರಾಯರ್ ಎಳೆದಳು. ಅಲ್ಲಿ ಮಗನ ಬಣ್ಣದ ಪೆನ್ಸಿಲ್‌ಗಳಿದ್ದವು. ಇನ್ನೊಂದನ್ನು ಎಳೆದಳು, ಅಲ್ಲಿ ಬಿಲ್ ಚೀಟಿಗಳು. ಮೂರನೆಯದಕ್ಕೆ ಕೈ ಹಾಕುವ ಮುನ್ನ ನಿಂತು, ನನ್ನ ಕಡೆ ತಿರುಗಿ, ಅತಿಥಿಯೊಬ್ಬರು ಕೇಳುವಷ್ಟು ಸೌಜನ್ಯದಿಂದ, ಕತ್ತರಿ ಎಲ್ಲಿದೆ ಎಂದು ಕೇಳಿದಳು. ಆ ಸೌಜನ್ಯ ನನ್ನನ್ನು ತಟ್ಟಿದಷ್ಟು ಬೇರಾವುದೂ ತಟ್ಟಲಿಲ್ಲ. ಅಂದಿನಿಂದ ನಾನು ಆಕೆ ಬರುವ ಮುನ್ನ ಮನೆಯನ್ನು ಹೊಸದಾಗಿ ಜೋಡಿಸುವುದನ್ನು ಬಿಟ್ಟು, ಸಾಧ್ಯವಾದಷ್ಟು ವಸ್ತುಗಳನ್ನು ಆಕೆ ಬಿಟ್ಟುಹೋದ ಜಾಗಕ್ಕೇ ಮರಳಿಸುತ್ತೇನೆ. ಗೋಡೆಗೆ ತೂಗುವ ಬಣ್ಣದ ಅಲಂಕಾರಕ್ಕಿಂತ ಇದು ದೊಡ್ಡ ಸ್ವಾಗತವೆಂದು ನನ್ನ ನಂಬಿಕೆ.

ಬಂಧುಗಳ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಬೇಕಾಗುತ್ತದೆ. ಅವರ ತಂದೆತಾಯಿಗೆ ಅವರು ಮಗ. ಆ ಹಂಬಲವನ್ನು ಕೂಟದ ಗದ್ದಲದೊಂದಿಗೆ ಸೇರಿಸಿ ತಳ್ಳಿಹಾಕುವಂತಿಲ್ಲ. ತಂದೆತಾಯಿಗೆ ಮೊದಲ ವಾರದಲ್ಲೇ ಪ್ರತ್ಯೇಕವಾದ ಒಂದು ಇಡೀ ದಿನ ಕೊಡಿ, ಆ ದಿನ ನೀವು ಹಿಂದೆ ಸರಿದು ಕುಳಿತರೂ ನಷ್ಟವಿಲ್ಲ. ಉಳಿದವರಿಗೆಲ್ಲ ಸೇರಿ ರಜೆಯ ನಟ್ಟನಡುವೆ ಒಂದು ಮಧ್ಯಾಹ್ನ ಸಾಕು; ಆರಂಭದ ಹೊತ್ತನ್ನು ತಿಳಿಸುವಾಗಲೇ ಮುಗಿಯುವ ಹೊತ್ತನ್ನೂ ತಿಳಿಸಿ. ಒಬ್ಬೊಬ್ಬರ ಮನೆಗೂ ಹೋಗಿ ಮುಖ ತೋರಿಸುವ ಸುತ್ತಾಟಕ್ಕೆ ಒಪ್ಪಿಕೊಂಡರೆ ಎರಡು ವಾರ ಹೇಗೆ ಕರಗಿತೆಂದೇ ತಿಳಿಯುವುದಿಲ್ಲ. ಆ ಮಧ್ಯಾಹ್ನಕ್ಕೆ ಪತಿಯೊಂದಿಗೆ ಒಂದು ಸಂಜ್ಞೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಅವರು ಅದನ್ನು ತೋರಿಸಿದರೆ ನೀವು ಏನಾದರೊಂದು ನೆಪ ಹೇಳಿ ಅವರನ್ನು ಒಳಗೆ ಕರೆದೊಯ್ಯಬೇಕು. ಅಲ್ಲಿ ಏನೇನು ಕಂಡೆ, ಗುಂಡು ಹಾರಿಸಿದೆಯಾ, ಭಯವಾಯಿತೇ ಎಂದು ಕೇಳುವವರು ಪ್ರತಿ ಕೂಟದಲ್ಲಿಯೂ ಒಬ್ಬರಾದರೂ ಇರುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಬೇರೆ ಏನು ಕೇಳಬೇಕೆಂದು ತಿಳಿಯದೆ. ಅಂಥವರಿಗೆ ಮೊದಲೇ ಕಿವಿಮಾತು ಹೇಳುವ ಹೊಣೆ ನಿಮ್ಮದು.

ಇನ್ನು ನಿಮ್ಮ ಪ್ರವಾಸದ ಆಸೆ. ಮನೆಯಿಂದ ದೂರ ಹೋಗಿ ಭೇಟಿಯಾಗುವುದಕ್ಕೆ ಹಳೆಯ ಉದಾಹರಣೆಯಿದೆ: ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ವಿವಾಹಿತರಾದ ಅನೇಕರು ತಮ್ಮ ಅಲ್ಪಾವಧಿಯ ರಜೆಗೆ ಹವಾಯಿಯನ್ನು ಆರಿಸಿಕೊಳ್ಳುತ್ತಿದ್ದರು, ಪತ್ನಿಯರು ಸ್ವದೇಶದಿಂದ ಹೊನೊಲುಲುವಿಗೆ ಬಂದು ಸೇರುತ್ತಿದ್ದರು. ಆ ಪದ್ಧತಿಯ ಲಾಭ ಸ್ಪಷ್ಟ. ಮನೆಯ ಕೆಲಸವಿಲ್ಲ, ಬಂಧುಗಳಿಲ್ಲ, ಇಬ್ಬರಿಗೂ ಅದು ಸಮಾನವಾಗಿ ಹೊಸ ಜಾಗ. ಆದರೆ ಆ ರಜೆ ಕೆಲವೇ ದಿನಗಳದ್ದು, ಮನೆ ಬಹು ದೂರದಲ್ಲಿತ್ತು. ನಿಮ್ಮ ಪತಿ ಮನೆಗೇ ಬರುತ್ತಿದ್ದಾರೆ, ಅದೂ ಎರಡು ವಾರಕ್ಕೆ. ಇಷ್ಟು ತಿಂಗಳು ಪೆಟ್ಟಿಗೆಯೊಂದರಿಂದ ಬಟ್ಟೆ ತೆಗೆದು ತೊಟ್ಟವರನ್ನು ಮತ್ತೊಂದು ಕೋಣೆಗೆ, ಮತ್ತೊಂದು ಪೆಟ್ಟಿಗೆಯೊಂದಿಗೆ ಕರೆದೊಯ್ಯುವುದರಲ್ಲಿ ನನಗೆ ಹೆಚ್ಚಿನ ಸುಖ ಕಾಣುವುದಿಲ್ಲ. ಇಬ್ಬರೇ ಒಂದು ರಾತ್ರಿ ಹತ್ತಿರದಲ್ಲಿ ಎಲ್ಲಿಯಾದರೂ ತಂಗುವುದಾದರೆ ಸರಿ. ಅದೂ ರಜೆಯ ಮೊದಲರ್ಧದಲ್ಲಿರಲಿ, ಮಗಳು ಅಜ್ಜಿಯ ಬಳಿ ಇರಲಿ. ಆ ರಾತ್ರಿಯಿಂದ ಎಲ್ಲವೂ ಮೊದಲಿನಂತಾಗಬೇಕೆಂಬ ನಿರೀಕ್ಷೆಯನ್ನು ಮಾತ್ರ ಹೇರಿಕೊಳ್ಳಬೇಡಿ. ತಿಂಗಳುಗಳ ನಂತರ ಗಂಡಹೆಂಡತಿಯ ನಡುವೆ ಸಂಕೋಚ ಮೂಡುವುದು ಸಹಜ, ಎರಡು ದಿನ ಹೊತ್ತು ಕೊಟ್ಟರೆ ತಾನಾಗಿ ಕರಗುತ್ತದೆ.

ತಪ್ಪಿಹೋದ ಹಬ್ಬ, ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವಗಳನ್ನೆಲ್ಲ ಒಟ್ಟುಗೂಡಿಸಿ ಆಚರಿಸಲು ಹೋಗಬೇಡಿ. ಒಂದನ್ನು ಆರಿಸಿಕೊಳ್ಳಿ, ಯಾವುದೆಂಬುದನ್ನು ಅವರೇ ಹೇಳಲಿ. ಮಿಕ್ಕ ದಿನಗಳಲ್ಲಿ ಅವರಿಗೆ ಬೇಕಾಗುವುದು ಬಹುತೇಕ ದಿನನಿತ್ಯದ ಸಂಗತಿಗಳೇ: ಬಾಗಿಲು ಹಾಕಿಕೊಂಡು ನಿಧಾನವಾಗಿ ಸ್ನಾನ ಮಾಡುವುದು, ಯಾರೂ ಎಬ್ಬಿಸದ ಬೆಳಗು, ಮಗಳನ್ನು ಶಾಲೆಗೆ ಬಿಟ್ಟುಬರುವುದು. ನಿಮ್ಮ ಮಗಳ ವಯಸ್ಸಿನ ಮಕ್ಕಳು ಬಾಗಿಲಲ್ಲಿ ಓಡಿಬಂದು ಅಪ್ಪಿಕೊಳ್ಳುತ್ತಾರೆಂದು ಲೆಕ್ಕ ಹಾಕಿ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ಅವಳು ನಿಮ್ಮ ಬೆನ್ನ ಹಿಂದೆ ಅಡಗಬಹುದು, ಅಪ್ಪ ನೀರು ಕೊಟ್ಟರೆ ಅಮ್ಮನೇ ಕೊಡಬೇಕೆಂದು ಹಟ ಹಿಡಿಯಬಹುದು. ಪತಿಗೆ ಇದನ್ನು ಫೋನಿನಲ್ಲೇ ಹೇಳಿ ಸಿದ್ಧಪಡಿಸಿ. ರಾತ್ರಿ ಕತೆ ಹೇಳುವುದೋ, ಸಂಜೆಯ ನಡಿಗೆಯೋ, ಯಾವುದಾದರೂ ಒಂದು ಕೆಲಸ ಪೂರ್ತಿಯಾಗಿ ಅಪ್ಪನದಾಗಲಿ, ಆ ಹೊತ್ತಿನಲ್ಲಿ ನೀವು ಕೋಣೆಯಲ್ಲಿಯೇ ಇರಬೇಡಿ. ಆದರೆ ಮಲಗುವ ಹೊತ್ತು, ಮೊಬೈಲ್ ನೋಡುವ ಮಿತಿ ಇಂಥ ಮನೆಯ ನಿಯಮಗಳು ಮಾತ್ರ ಸಡಿಲವಾಗಬಾರದು. ಅವರು ಹೋದ ಮೇಲೆ ಅವನ್ನು ಮತ್ತೆ ಬಿಗಿಮಾಡುವವರು ನೀವೇ, ಮಗಳ ದೃಷ್ಟಿಯಲ್ಲಿ ಕಟ್ಟುನಿಟ್ಟಿನವರೂ ನೀವೇ ಆಗುತ್ತೀರಿ.

ನೀವು ಕೇಳದಿದ್ದರೂ ಹೇಳಬೇಕಾದದ್ದು ಕೊನೆಯ ಮೂರು ದಿನಗಳ ಬಗ್ಗೆ. ಅಮೆರಿಕದ ಲೇಖಕಿ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಅವರು 1987ರಲ್ಲಿ, ನೌಕಾಪಡೆಯವರ ಪತ್ನಿಯರ ಅನುಭವದ ಆಧಾರದ ಮೇಲೆ, ನಿಯೋಜನೆಯ ಕಾಲದ ಭಾವನೆಗಳನ್ನು ಏಳು ಹಂತಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಎರಡನೆಯದು, ಹೊರಡುವ ದಿನಗಳಲ್ಲಿ ಗಂಡಹೆಂಡತಿ ಒಬ್ಬರಿಂದೊಬ್ಬರು ದೂರ ಸರಿಯುವುದು. ರಜೆಯ ಕೊನೆಯಲ್ಲಿಯೂ ಇದು ಮರುಕಳಿಸುತ್ತದೆ: ಅವರು ಮೌನವಾಗುತ್ತಾರೆ, ನಿಮಗೆ ಸಣ್ಣ ಮಾತಿಗೂ ಸಿಡುಕು ಬರುತ್ತದೆ, ಒದ್ದೆ ಟವೆಲ್ ಕುರ್ಚಿಯ ಮೇಲಿದ್ದುದೇ ಜಗಳಕ್ಕೆ ಸಾಕಾಗುತ್ತದೆ. ಅಳುತ್ತ ಬೀಳ್ಕೊಡುವುದಕ್ಕಿಂತ ಸಿಟ್ಟಿನಲ್ಲಿ ಬೀಳ್ಕೊಡುವುದು ಮನಸ್ಸಿಗೆ ಹಗುರ, ಅದಕ್ಕೇ ಹೀಗಾಗುತ್ತದೆ. ಇಂಥ ಜಗಳ ಬಂದರೆ ಅದನ್ನು ದಾಂಪತ್ಯದ ತೀರ್ಪೆಂದು ಭಾವಿಸಬೇಡಿ. ಹಣಕಾಸು, ಮನೆ ಬದಲಾವಣೆ, ಮಗಳ ಶಾಲೆ ಇವುಗಳ ನಿರ್ಧಾರಗಳನ್ನೂ ಸಹಿ ಬೇಕಾದ ಕಾಗದಪತ್ರಗಳನ್ನೂ ರಜೆಯ ನಡುವಿನಲ್ಲಿ ಒಂದೇ ಬೆಳಿಗ್ಗೆ ಕುಳಿತು ಮುಗಿಸಿಬಿಟ್ಟರೆ, ಕೊನೆಯ ರಾತ್ರಿ ಬ್ಯಾಂಕಿನ ಪಾಸ್‌ಬುಕ್ ಮುಂದಿಟ್ಟುಕೊಂಡು ಕೂರುವ ಸ್ಥಿತಿ ಬರುವುದಿಲ್ಲ.

ಮಗಳು ನಿದ್ದೆಯಲ್ಲಿರುವಾಗ ಅವರು ಹೊರಟುಬಿಡುವುದು ಬೇಡ. ಅಳು ತಪ್ಪಿಸಲು ಹಾಗೆ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಆಮೇಲೆ ಮಗು ನಿದ್ದೆ ಮಾಡಲೇ ಹೆದರುತ್ತದೆ. ಅಪ್ಪ ಕೆಲಸಕ್ಕೆ ಮರಳಿ ಹೋಗುತ್ತಿದ್ದಾರೆ, ಕೆಲಸ ಮುಗಿದ ಮೇಲೆ ಬರುತ್ತಾರೆ ಎಂದು ಹಿಂದಿನ ದಿನವೇ ಸರಳವಾಗಿ ಹೇಳಿ, ಬೀಳ್ಕೊಡುಗೆಯನ್ನು ಮನೆಯ ಬಾಗಿಲಲ್ಲೇ, ಚುಟುಕಾಗಿ ಮುಗಿಸಿ. ನಿಲ್ದಾಣದವರೆಗೆ ಹೋಗಬೇಕೇ ಎಂಬುದನ್ನು ನೀವಿಬ್ಬರೇ ನಿರ್ಧರಿಸಿಕೊಳ್ಳಿ. ಕಾಯುವ ಕೋಣೆಯಲ್ಲಿ ಎರಡು ಗಂಟೆ ಮಾತಿಲ್ಲದೆ ಕೂರುವುದು ಕೆಲವರಿಗೆ ಬೇಕೆನಿಸುತ್ತದೆ, ನನಗೆ ಸಹಿಸಲಾಗುವುದಿಲ್ಲ.

ಎರಡನೆಯ ಸಲದ ಅಗಲಿಕೆ ಮೊದಲನೆಯದಕ್ಕಿಂತ ಹೆಚ್ಚು ಕುಗ್ಗಿಸುತ್ತದೆ ಎಂದು ಅನೇಕ ಸೈನಿಕ ಕುಟುಂಬಗಳವರು ಹೇಳುತ್ತಾರೆ, ನನಗೂ ಹಾಗೇ ಅನಿಸಿದೆ. ನೀವು ಕಷ್ಟಪಟ್ಟು ಕಟ್ಟಿಕೊಂಡ ದಿನಚರಿ ಮುರಿದಿರುತ್ತದೆ, ಎಣಿಸಲು ಹತ್ತಿರದ ದಿನಾಂಕವೂ ಇರುವುದಿಲ್ಲ. ಆದ್ದರಿಂದ ಯೋಜನೆ ಹಾಕುವಾಗಲೇ ಹದಿನೈದನೆಯ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಉದ್ಯೋಗದಲ್ಲಿದ್ದರೆ ನಿಮ್ಮ ರಜೆಯನ್ನು ಒಂದು ದಿನ ಹೆಚ್ಚಿಗೆ ಹಾಕಿಡಿ. ಆ ಸಂಜೆ ಬಂದು ಜೊತೆಗಿರಲು ಒಬ್ಬ ಸ್ನೇಹಿತೆಗೆ ಈಗಲೇ ಹೇಳಿಡಿ, ಸಾಧ್ಯವಿದ್ದರೆ ಅದೇ ಯೂನಿಟ್ಟಿನ ಇನ್ನೊಬ್ಬರ ಪತ್ನಿಗೆ. ಮಗಳಿಗೆ ಅಪ್ಪನ ಕತೆಯ ಹೊತ್ತು ಖಾಲಿಯಾಗದಂತೆ, ರಜೆಯಲ್ಲಿ ಅವರು ಹೇಳಿದ ಕತೆಗಳಲ್ಲಿ ಮೂರ್ನಾಲ್ಕನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಇದನ್ನು ಕೊನೆಯ ದಿನಕ್ಕೆ ಬಿಡದೆ ಮೊದಲ ವಾರದಲ್ಲೇ ಮಾಡಿ, ಏಕೆಂದರೆ ಕೊನೆಯ ದಿನದ ದನಿಯಲ್ಲಿರುವ ಭಾರವನ್ನು ಮಕ್ಕಳು ತಕ್ಷಣ ಗುರುತಿಸುತ್ತಾರೆ.