ದೂರದ ಯುದ್ಧ ನಮ್ಮ ಅಡುಗೆಮನೆಯ ಬೆಲೆಗೆ ಬರುವ ದಾರಿ

ನಿಮ್ಮ ಪ್ರಶ್ನೆ ಇದು: "ಸಾವಿರಾರು ಕಿಲೋಮೀಟರ್ ದೂರದಲ್ಲಿ ಎರಡು ದೇಶಗಳು ಹೊಡೆದಾಡಿಕೊಂಡರೆ ಇಲ್ಲಿ ಅಡುಗೆ ಎಣ್ಣೆಯ ಬೆಲೆ ಏಕೆ ಏರಬೇಕು? ಯುದ್ಧದಿಂದ ಜಗತ್ತಿನ ಆರ್ಥಿಕತೆಗೆ ಪೆಟ್ಟು ಬೀಳುತ್ತದೆ ಎನ್ನುವುದು ನಿಜವೋ, ವ್ಯಾಪಾರಿಗಳ ನೆಪವೋ?"

ನಿಜವೂ ಹೌದು, ಕೆಲವು ಸಲ ನೆಪವೂ ಹೌದು. ನಾನು ಮಂಗಳೂರಿನಲ್ಲಿ ಕಾಫಿ ರಫ್ತು ಮಾಡುವ ಒಂದು ಕಚೇರಿಯಲ್ಲಿ ಹದಿನಾರು ವರ್ಷಗಳಿಂದ ಹಡಗಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ಯುದ್ಧ ಎಂಬುದು ನನ್ನ ಮೇಜಿಗೆ ಬರುವುದು ಹಡಗು ಕಂಪನಿಯ ದರಪಟ್ಟಿಯಲ್ಲಿ ಹೊಸದಾಗಿ ಸೇರಿದ ಒಂದು ಸಾಲಿನ ರೂಪದಲ್ಲಿ. ಆ ಸಾಲನ್ನು ಹಿಡಿದು ಹಿಂದಕ್ಕೆ ಹೋದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದು ನನ್ನ ನಂಬಿಕೆ.

ಮೊದಲು ಎಣ್ಣೆಯ ವಿಷಯ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಆರಂಭಿಸಿತು. ಆಗ ಜಗತ್ತಿನ ಸೂರ್ಯಕಾಂತಿ ಎಣ್ಣೆ ರಫ್ತಿನಲ್ಲಿ ಸುಮಾರು ಅರ್ಧ ಪಾಲು ಉಕ್ರೇನಿನದೇ. ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ದಾಳಿ ಶುರುವಾದ ದಿನ ಉಕ್ರೇನಿನ ಗೋದಾಮುಗಳಲ್ಲಿ ಎಣ್ಣೆಯೂ ಇತ್ತು, ಬೀಜವೂ ಇತ್ತು, ಧಾನ್ಯವೂ ಇತ್ತು. ಮುಚ್ಚಿದ್ದು ಒಡೆಸಾ ಮತ್ತು ಅದರ ಸುತ್ತಲಿನ ಬಂದರುಗಳು. ಸುಮಾರು 2 ಕೋಟಿ ಟನ್ ಧಾನ್ಯ ಹಾಗೆಯೇ ಕುಳಿತಿತು. ವಿಶ್ವಸಂಸ್ಥೆ ಮತ್ತು ಟರ್ಕಿಯ ಮಧ್ಯಸ್ಥಿಕೆಯಲ್ಲಿ ಇಸ್ತಾಂಬುಲ್‌ನಲ್ಲಿ ಒಪ್ಪಂದವಾಗಿ ಮೊದಲ ಹಡಗು ಒಡೆಸಾ ಬಿಟ್ಟದ್ದು ಆಗಸ್ಟ್ 1ರಂದು. ಐದು ತಿಂಗಳು! ಅಷ್ಟರೊಳಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಹಾರ ಬೆಲೆ ಸೂಚ್ಯಂಕ ಅದರ ಇತಿಹಾಸದಲ್ಲೇ ಅತಿ ಎತ್ತರಕ್ಕೆ ಏರಿಯಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬೆಳೆ ಸುಟ್ಟು ಹೋಗುವುದಕ್ಕೆ ಮೊದಲೇ ದಾರಿ ದುಬಾರಿಯಾಗುತ್ತದೆ. ಆ ದುಬಾರಿಯ ಭಾರವನ್ನು ಪ್ರತಿಯೊಬ್ಬರೂ ತಮ್ಮ ಮುಂದಿನವರ ಹೆಗಲಿಗೆ ದಾಟಿಸುತ್ತಾ ಹೋಗುತ್ತಾರೆ. ದಾಟಿಸಲು ಮುಂದೆ ಯಾರೂ ಇಲ್ಲದವರ ಬಳಿಗೆ ಬಂದಾಗ ಅದು ನಿಲ್ಲುತ್ತದೆ.

ನಾನೇ ಕಂಡ ಒಂದು ಉದಾಹರಣೆ ಹೇಳುತ್ತೇನೆ. 2023ರ ನವೆಂಬರ್ 19ರಂದು ಯೆಮನ್‌ನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ವಶಪಡಿಸಿಕೊಂಡರು. ಗಾಜಾ ಯುದ್ಧಕ್ಕೆ ಪ್ರತಿಯಾಗಿ ಹೀಗೆ ಮಾಡುತ್ತಿದ್ದೇವೆ ಎಂಬುದು ಅವರ ಮಾತು. ಡಿಸೆಂಬರ್ ಮಧ್ಯದ ಹೊತ್ತಿಗೆ ದೊಡ್ಡ ದೊಡ್ಡ ಹಡಗು ಕಂಪನಿಗಳೆಲ್ಲ ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ಎರಡು ವಾರದ ಹತ್ತಿರ ಹೆಚ್ಚುವರಿ ಪ್ರಯಾಣ.

ನಮ್ಮ ಕಾಫಿಗೆ ಇದು ನೇರ ಏಟು. ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಇಟಲಿಯ ಬಂದರುಗಳಿರುವುದು ಮೆಡಿಟರೇನಿಯನ್ ಸಮುದ್ರದಲ್ಲಿ. ಸೂಯೆಜ್ ದಾಟಿದರೆ ಮುಂದಿನ ಮನೆಯಂತಿರುವ ಊರು. ಕಾಲುವೆ ತಪ್ಪಿದರೆ ಹಡಗು ಇಡೀ ಆಫ್ರಿಕಾ ಸುತ್ತಿ, ಜಿಬ್ರಾಲ್ಟರ್ ಜಲಸಂಧಿಯಲ್ಲಿ ಒಳಹೊಕ್ಕು, ಮತ್ತೆ ಪೂರ್ವಕ್ಕೆ ತಿರುಗಿ ಬರಬೇಕು. ಉತ್ತರ ಯುರೋಪಿನ ರೋಟರ್‌ಡ್ಯಾಮ್‌ಗೆ ಹೋಗುವ ಸರಕಿಗಿಂತ ಇಟಲಿಯ ಟ್ರಿಯೆಸ್ಟ್‌ಗೆ ಹೋಗುವ ಸರಕಿಗೆ ಈ ಸುತ್ತು ಹೆಚ್ಚು ನೋಯಿಸಿತು.

2024ರ ಫೆಬ್ರವರಿಯಲ್ಲಿ ಟ್ರಿಯೆಸ್ಟ್‌ಗೆ ಹೋಗಬೇಕಿದ್ದ ನಮ್ಮ ಒಂದು ಕಂಟೇನರ್ ಸರಕು ಗೋದಾಮಿನಲ್ಲಿ ಕುಳಿತಿತ್ತು. ಅರವತ್ತು ಕಿಲೋದ 320 ಗೋಣಿ ಚೀಲ, ಒಟ್ಟು 19.2 ಟನ್. ಕಾಫಿಗೆ ಸಿಕ್ಕ ಕಂಟೇನರ್ ಆಗುವುದಿಲ್ಲ. ವಾಸನೆ ಇರಬಾರದು, ತುಕ್ಕಿನ ತೂತು ಇರಬಾರದು. ನಮ್ಮ ಹುಡುಗರು ಒಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡು ಎಲ್ಲಿಂದಾದರೂ ಬೆಳಕು ತೂರಿ ಬರುತ್ತದೆಯೇ ಎಂದು ನೋಡುತ್ತಾರೆ. ಒಂದು ಚುಕ್ಕಿ ಬೆಳಕು ಕಂಡರೂ ಅದು ವಾಪಸ್. ಆ ಫೆಬ್ರವರಿಯಲ್ಲಿ ಪರೀಕ್ಷಿಸಲು ಕಂಟೇನರುಗಳೇ ಸಾಕಷ್ಟು ಬರುತ್ತಿರಲಿಲ್ಲ. ಹಡಗುಗಳು ಎರಡು ವಾರ ಹೆಚ್ಚು ಕಾಲ ಸಮುದ್ರದಲ್ಲಿದ್ದರೆ ಕಂಟೇನರುಗಳೂ ಅಷ್ಟೇ ಕಾಲ ಅವುಗಳ ಬೆನ್ನ ಮೇಲೆ ಇರುತ್ತವೆ. ಖಾಲಿಯಾಗಿ ನಮ್ಮ ಬಂದರಿಗೆ ಮರಳುವುದು ತಡವಾಗುತ್ತದೆ. ಕ್ಷಿಪಣಿ ಬಿದ್ದದ್ದು ಕೆಂಪು ಸಮುದ್ರದ ದಕ್ಷಿಣದ ಬಾಯಿಯಾದ ಬಾಬ್ ಎಲ್ ಮಂದೆಬ್‌ನಲ್ಲಿ, ಕೊರತೆ ಕಂಡದ್ದು ನಮ್ಮ ಬಂದರಿರುವ ಪಣಂಬೂರಿನಲ್ಲಿ.

ಸರಕು ಹಡಗು ಹತ್ತಿ, ಅದಕ್ಕೆ ಹಡಗು ಕಂಪನಿ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್ ಕೈಗೆ ಬಂದರೆ ಮಾತ್ರ ಬ್ಯಾಂಕಿನಲ್ಲಿ ಹಣದ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ಕಾಫಿ ಕೊಳ್ಳಲು ತೆಗೆದ ಸಾಲಕ್ಕೆ ದಿನದಿನವೂ ಬಡ್ಡಿ. ಆ ಸರಕು ಹಡಗು ಹತ್ತಿದ್ದು ಇಪ್ಪತ್ತಾರು ದಿನ ತಡವಾಗಿ. ಆ ದಿನಗಳಲ್ಲಿ ನಾವು ಹೊಸ ಕಾಫಿ ಕೊಳ್ಳುವುದನ್ನು ನಿಧಾನ ಮಾಡಿದೆವು. ನಮಗೆ ಮಾರುವ ಸಣ್ಣ ಬೆಳೆಗಾರರಿಗೆ ಹಣ ತಡವಾಯಿತು. ಅವರಲ್ಲಿ ಕೊಯ್ಲಿನ ಕೂಲಿ ಬಾಕಿ ಉಳಿಸಿಕೊಂಡವರೂ ಇದ್ದರು. ಹೌತಿಗಳ ಹೆಸರನ್ನೇ ಕೇಳದ ಒಬ್ಬ ಕೂಲಿ ಹೆಂಗಸಿನ ವಾರದ ಬಟವಾಡೆ ನಿಂತದ್ದಕ್ಕೂ ಕೆಂಪು ಸಮುದ್ರಕ್ಕೂ ಇರುವ ನಂಟು ಇದು. ನಾನು ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಹಡಗು ಬಾಡಿಗೆಯ ಏರಿಕೆ ಎಷ್ಟಿತ್ತು ಎಂದು ಕೇಳಬಹುದು. ಶಾಂಘೈನಿಂದ ರೋಟರ್‌ಡ್ಯಾಮ್‌ಗೆ ನಲವತ್ತು ಅಡಿ ಕಂಟೇನರಿಗೆ 2023ರ ನವೆಂಬರ್ ಕೊನೆಯಲ್ಲಿ ಸುಮಾರು 1,200 ಡಾಲರ್ ಇದ್ದ ದರ ಜನವರಿ ಕೊನೆಗೆ 5,000 ಡಾಲರಿನ ಹತ್ತಿರ ಬಂತು. ನಮ್ಮ ಕಂಟೇನರಿಗೆ 2,000 ಡಾಲರ್ ಹೆಚ್ಚಾಯಿತು ಎಂದಿಟ್ಟುಕೊಳ್ಳಿ. ಆಗಿನ ರೂಪಾಯಿ ದರದಲ್ಲಿ ಕಿಲೋಗೆ ಎಂಟೂವರೆ ರೂಪಾಯಿಯಷ್ಟಾಗುತ್ತದೆ. ಕಿಲೋಗೆ ನೂರಾರು ರೂಪಾಯಿ ಬಾಳುವ ಕಾಫಿ ಅದನ್ನು ತಡೆದುಕೊಳ್ಳುತ್ತದೆ. ಅದೇ ಎಂಟೂವರೆ ರೂಪಾಯಿಯನ್ನು ಕಿಲೋಗೆ ಇಪ್ಪತ್ತು ರೂಪಾಯಿಯ ಈರುಳ್ಳಿಯ ಮೇಲೆ ಹಾಕಿ ನೋಡಿ. ಸಮುದ್ರದ ದಾರಿ ಕೆಟ್ಟಾಗ ಹೆಚ್ಚು ಪೆಟ್ಟು ಬೀಳುವುದು ಅಗ್ಗದ, ಭಾರದ, ಬಡವರೂ ಕೊಳ್ಳಲೇಬೇಕಾದ ಸರಕಿಗೆ.

ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಅದೇ 2024ರಲ್ಲಿ ರೊಬಸ್ಟಾ ಜಾತಿಯ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು, ನಮ್ಮ ಬೆಳೆಗಾರರಿಗೆ ಒಳ್ಳೆಯ ಹಣವೂ ಬಂತು. ಅದರ ಮುಖ್ಯ ಕಾರಣ ವಿಯೆಟ್ನಾಮಿನಲ್ಲಿ ಬಿದ್ದ ಬರ. ಎಲ್ಲ ಏರಿಕೆಯನ್ನೂ ಯುದ್ಧದ ಖಾತೆಗೆ ಬರೆಯುವುದು ತಪ್ಪು ಲೆಕ್ಕ.

ಹಡಗು ಕಂಪನಿಗಳು ಸುತ್ತು ಹಾಕಿದ್ದರ ಭಾರ ಹೊತ್ತ ಇನ್ನೊಬ್ಬರು ಈಜಿಪ್ಟಿನವರು. ಅವರು ಈ ಜಗಳದಲ್ಲಿ ಯಾರ ಮೇಲೂ ಗುಂಡು ಹಾರಿಸಿದವರಲ್ಲ. ಸೂಯೆಜ್ ಕಾಲುವೆಯಿಂದ ಆ ದೇಶಕ್ಕೆ 2023ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯವಿತ್ತು. 2024ರಲ್ಲಿ ಅದು ಸುಮಾರು 400 ಕೋಟಿ ಡಾಲರಿಗೆ ಇಳಿಯಿತು. ಎರಡು ವರ್ಷ ಹಿಂದೆಯೇ ಉಕ್ರೇನ್ ಯುದ್ಧದಿಂದ ಅವರ ಗೋಧಿ ದುಬಾರಿಯಾಗಿತ್ತು. ಈಜಿಪ್ಟ್ ಜಗತ್ತಿನ ಅತಿ ದೊಡ್ಡ ಗೋಧಿ ಆಮದುದಾರ ದೇಶಗಳಲ್ಲಿ ಒಂದು, ಅದರ ಬಹುಪಾಲು ಗೋಧಿ ರಷ್ಯಾ ಮತ್ತು ಉಕ್ರೇನಿನಿಂದ ಬರುತ್ತಿತ್ತು. ಎರಡು ಯುದ್ಧಗಳು ಎರಡು ಕಡೆಯಿಂದ ಒಂದೇ ಮನೆಯ ರೊಟ್ಟಿಗೆ ಕೈ ಹಾಕಿದವು.

ಭಾರ ದಾಟಿಸುವ ಈ ಕ್ರಮ ಅತ್ಯಂತ ಕ್ರೂರವಾಗಿ ಕಂಡದ್ದು ಅನಿಲದ ವಿಷಯದಲ್ಲಿ. ರಷ್ಯಾದ ಕೊಳವೆ ಅನಿಲ ಕಡಿಮೆಯಾದಂತೆ ಯುರೋಪ್ ಹಡಗಿನಲ್ಲಿ ಬರುವ ದ್ರವೀಕೃತ ಅನಿಲಕ್ಕೆ ಮುಗಿಬಿದ್ದಿತು. ಅಲ್ಲಿ ಒಂದು ಮೆಗಾವಾಟ್ ಗಂಟೆಗೆ ಸುಮಾರು 20 ಯೂರೋ ಎಂಬುದು ಹಳೆಯ ಕಾಲದ ಸಾಮಾನ್ಯ ದರ. 2022ರ ಆಗಸ್ಟಿನಲ್ಲಿ ಅದು 300 ಯೂರೋ ದಾಟಿತು. ಯುರೋಪಿನ ಸರ್ಕಾರಗಳು ಸಾಲ ಮಾಡಿಯಾದರೂ ತಮ್ಮ ಜನರ ಬಿಲ್ಲಿಗೆ ನೆರವು ಕೊಟ್ಟವು. ಅದು ಅವರ ಕರ್ತವ್ಯವೇ, ತಪ್ಪು ಹೇಳುವಂತಿಲ್ಲ. ಆದರೆ ಆ ಅನಿಲ ಹೊಸದಾಗಿ ಹುಟ್ಟಿದ್ದಲ್ಲ, ಬೇರೆಯವರಿಗೆ ಹೋಗುತ್ತಿದ್ದದ್ದು. 2022ರ ಜುಲೈನಲ್ಲಿ ಬಾಂಗ್ಲಾದೇಶ ಈ ಬೆಲೆ ತೆರಲಾಗದೆ ಮುಕ್ತ ಮಾರುಕಟ್ಟೆಯ ಅನಿಲ ಖರೀದಿಯನ್ನೇ ನಿಲ್ಲಿಸಿತು, ದೇಶದುದ್ದಕ್ಕೂ ಸರದಿಯಲ್ಲಿ ವಿದ್ಯುತ್ ಕಡಿತ ಆರಂಭವಾಯಿತು. ಅದೇ ತಿಂಗಳು ಪಾಕಿಸ್ತಾನ ಅನಿಲಕ್ಕಾಗಿ ಕರೆದ ಟೆಂಡರಿಗೆ ಒಬ್ಬ ಮಾರಾಟಗಾರನೂ ಬರಲಿಲ್ಲ. ಬರ್ಲಿನ್‌ನಲ್ಲಿ ಮನೆ ಬೆಚ್ಚಗಿರಲಿ ಎಂದು ಢಾಕಾದಲ್ಲಿ ಫ್ಯಾನ್ ನಿಂತಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಭಯವೂ ತನ್ನ ಪಾಲಿನ ಹಾನಿ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ ಸಿಗದಾದಾಗ ಎಲ್ಲರೂ ತಾಳೆ ಎಣ್ಣೆಯತ್ತ ಓಡಿದರು. ಇಂಡೋನೇಷ್ಯಾ ತನ್ನ ಜನರಿಗೆ ಕೊರತೆಯಾದೀತೆಂದು 2022ರ ಏಪ್ರಿಲ್ 28ರಿಂದ ತಾಳೆ ಎಣ್ಣೆ ರಫ್ತನ್ನೇ ನಿಷೇಧಿಸಿತು. ಭಾರತ ಬಿಸಿಗಾಳಿಗೆ ಬೆಳೆ ಕುಗ್ಗಿದ ಕಾರಣಕ್ಕೆ ಮೇ 13ರಂದು ಗೋಧಿ ರಫ್ತು ನಿಲ್ಲಿಸಿತು. ಒಬ್ಬೊಬ್ಬರ ಎಚ್ಚರಿಕೆಯೂ ಸರಿಯೇ, ಒಟ್ಟು ಸೇರಿದಾಗ ಮಾರುಕಟ್ಟೆ ಇನ್ನಷ್ಟು ಬಿಗಿಯಾಯಿತು.

ಬಡ್ಡಿಯ ಕಥೆಯನ್ನು ಬೇಗ ಹೇಳುತ್ತೇನೆ. ಕೊರೊನಾ ನಂತರ ಏರುತ್ತಿದ್ದ ಹಣದುಬ್ಬರಕ್ಕೆ ಯುದ್ಧ ತುಪ್ಪ ಸುರಿಯಿತು. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಸೊನ್ನೆಯ ಹತ್ತಿರವಿದ್ದ ಬಡ್ಡಿ ದರವನ್ನು 2023ರ ಜುಲೈ ಹೊತ್ತಿಗೆ ಶೇ. 5ರ ಮೇಲೆ ಒಯ್ದಿತು. ನಮ್ಮ ರಿಸರ್ವ್ ಬ್ಯಾಂಕ್ 2022ರ ಮೇ 4ರಂದು ನಿಗದಿಯಿಲ್ಲದ ಸಭೆ ಸೇರಿ, ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯಾದ ರೆಪೊ ದರ ಏರಿಸಿತು. ಶೇ. 4 ಇದ್ದದ್ದು ಒಂಬತ್ತು ತಿಂಗಳಲ್ಲಿ ಶೇ. 6.5 ಆಯಿತು. ಗೃಹಸಾಲ ತೆಗೆದವರು ನಿಮ್ಮ ಮನೆಯಲ್ಲಿದ್ದರೆ ಅವರ ಕಂತಿನ ಪುಸ್ತಕ ತೆರೆದು ನೋಡಿ. ಡಾಲರ್ ಬಲವಾದಷ್ಟೂ ರೂಪಾಯಿ ಸೊರಗಿತು, 2022ರ ಜುಲೈನಲ್ಲಿ ಮೊದಲ ಬಾರಿಗೆ ಡಾಲರಿಗೆ 80 ರೂಪಾಯಿ ದಾಟಿತು. ನಾವು ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಡಾಲರ್ ಕೊಟ್ಟು ತರುವವರು. ತೈಲದ ಬೆಲೆ ಏರಿದ್ದೂ ಸಾಲದೆ ಅದನ್ನು ಕೊಳ್ಳುವ ಹಣವೂ ದುಬಾರಿಯಾಯಿತು.

ಕೆಲವು ಪೆಟ್ಟುಗಳು ಮಾತ್ರ ತಡವಾಗಿ ಕಾಣುತ್ತವೆ. ನನ್ನ ಅಣ್ಣನಿಗೆ ಸಕಲೇಶಪುರದ ಹತ್ತಿರ ಐದು ಎಕರೆ ಕಾಫಿ ತೋಟವಿದೆ. ಕಾಫಿಗೆ ಪೊಟ್ಯಾಷ್ ಗೊಬ್ಬರ ಬೇಕೇ ಬೇಕು. ಭಾರತದಲ್ಲಿ ಪೊಟ್ಯಾಷ್ ಗಣಿ ಇಲ್ಲ, ಎಲ್ಲವೂ ಆಮದು. ಜಗತ್ತಿನ ಪೊಟ್ಯಾಷ್ ರಫ್ತಿನಲ್ಲಿ ಶೇ. 40ರಷ್ಟು ರಷ್ಯಾ ಮತ್ತು ಬೆಲಾರೂಸ್‌ನದು, ಎರಡರ ಮೇಲೂ ನಿರ್ಬಂಧಗಳಿದ್ದವು. 2022ರ ಮುಂಗಾರಿನ ಮುಂಚೆ ಅಂಗಡಿಯಲ್ಲಿ ಪೊಟ್ಯಾಷ್ ಚೀಲದ ಬೆಲೆ ಕೇಳಿ ಅಣ್ಣ ಸುಮ್ಮನೆ ನಿಂತದ್ದು ನನಗೆ ನೆನಪಿದೆ. "ಈ ವರ್ಷ ಅರ್ಧ ಹಾಕೋಣ, ಗಿಡ ಅರ್ಥ ಮಾಡಿಕೊಳ್ಳುತ್ತದೆ" ಎಂದ. ಗಿಡ ಅರ್ಥ ಮಾಡಿಕೊಳ್ಳಲಿಲ್ಲ. ಮರುವರ್ಷ ರೆಂಬೆಗಳಲ್ಲಿ ಕಾಯಿ ತೆಳುವಾಗಿತ್ತು. ಸರ್ಕಾರ ಯೂರಿಯಾ, ಡಿಎಪಿ ಬೆಲೆಯನ್ನು ಹಿಡಿದಿಟ್ಟದ್ದು ನಿಜ. ಅದಕ್ಕಾಗಿ 2022-23ರಲ್ಲಿ ಗೊಬ್ಬರದ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಬಜೆಟ್‌ನಲ್ಲಿ ಮೊದಲು ಇಟ್ಟಿದ್ದು ಸುಮಾರು 1.05 ಲಕ್ಷ ಕೋಟಿ. ಮಧ್ಯದ ಆ ಹಣ ರಸ್ತೆಗೋ ಶಾಲೆಗೋ ಹೋಗಬಹುದಾಗಿದ್ದ ಹಣ.

ಈಗ ನೆಪದ ವಿಷಯ. 2022ರ ಮಾರ್ಚ್ 7ರಂದು ಬ್ರೆಂಟ್ ಕಚ್ಚಾ ತೈಲ ಪೀಪಾಯಿಗೆ 139 ಡಾಲರ್ ಮುಟ್ಟಿದಾಗ ನಮ್ಮ ಬಂಕ್‌ಗಳಲ್ಲಿ ಪೆಟ್ರೋಲ್ ದರ ಅಲುಗಾಡಲಿಲ್ಲ. ಐದು ರಾಜ್ಯಗಳ ಚುನಾವಣೆ ನಡೆದಿತ್ತು. ಒಟ್ಟು 137 ದಿನ ನಿಂತಿದ್ದ ದರ ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ಲೀಟರಿಗೆ 10 ರೂಪಾಯಿ ಏರಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕ ಇಳಿಸಿದ ಮೇಲೆ ಸ್ವಲ್ಪ ಇಳಿಯಿತು. ಮುಂದೆ ಭಾರತ ರಷ್ಯಾದಿಂದ ರಿಯಾಯಿತಿ ದರದಲ್ಲಿ ತೈಲ ತರಿಸಿತು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ಶೇ. 2ರಷ್ಟೂ ಇಲ್ಲದ ರಷ್ಯಾ ತೈಲ 2023ರಲ್ಲಿ ಮೂರನೇ ಒಂದು ಪಾಲು ದಾಟಿತು. ಆದರೂ 2024ರ ಮಾರ್ಚ್‌ವರೆಗೆ ತೈಲ ಕಂಪನಿಗಳು ಬಂಕ್ ದರ ಇಳಿಸಲಿಲ್ಲ, ಇಳಿಸಿದಾಗಲೂ ಎರಡೇ ರೂಪಾಯಿ. ದುಬಾರಿಯಾದ ದಿನಗಳಲ್ಲಿ ಆದ ನಷ್ಟ ತುಂಬಿಕೊಳ್ಳಬೇಕಿತ್ತು ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಏರುವಾಗ ಯುದ್ಧದ ಹೆಸರು ಹೇಳಿದವರು ಇಳಿಯಬೇಕಾದಾಗಲೂ ಅಷ್ಟೇ ಗಟ್ಟಿಯಾಗಿ ಲೆಕ್ಕ ಹೇಳಬೇಕಿತ್ತು.

ಲಾಭ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಎಕ್ಸಾನ್‌ಮೊಬಿಲ್ 2022ರಲ್ಲಿ 5,500 ಕೋಟಿ ಡಾಲರಿಗೂ ಹೆಚ್ಚು ಲಾಭ ಗಳಿಸಿತು, ಅದರ ಇತಿಹಾಸದಲ್ಲೇ ಅದು ದಾಖಲೆ.

ಹಾಗಾದರೆ ಮುಂದಿನ ಸಲ ಅಂಗಡಿಯವರು "ಯುದ್ಧ ಸ್ವಾಮಿ, ಏನು ಮಾಡುವುದು" ಎಂದಾಗ ನೀವು ಹೇಗೆ ತಿಳಿಯಬೇಕು? ನಾನು ಎರಡು ಪ್ರಶ್ನೆ ಕೇಳುತ್ತೇನೆ. ಆ ಸರಕು ಯಾವ ಸಮುದ್ರದ ದಾರಿಯಲ್ಲಿ ಬರುತ್ತದೆ? ಈ ದಾಸ್ತಾನು ಯಾವಾಗ ಕೊಂಡದ್ದು? 2022ರ ಮಾರ್ಚ್ ಮೊದಲ ವಾರದಲ್ಲಿ ನಮ್ಮ ಬೀದಿಯ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಪೊಟ್ಟಣದ ಹಳೆಯ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸಿದ್ದರು. ಒಡೆಸಾದಿಂದ ನಮ್ಮ ಕರಾವಳಿಗೆ ಹಡಗು ಬರಲು ವಾರಗಳೇ ಬೇಕು, ಆಮೇಲೆ ಎಣ್ಣೆ ಶುದ್ಧವಾಗಬೇಕು, ಪೊಟ್ಟಣವಾಗಬೇಕು. ಹತ್ತು ದಿನದ ಯುದ್ಧದ ಬೆಲೆ ಆ ಪೊಟ್ಟಣದೊಳಗೆ ಇರಲು ಸಾಧ್ಯವೇ ಇರಲಿಲ್ಲ. ನಾನು ಚೀಟಿಯ ಅಂಚನ್ನು ಉಗುರಿನಿಂದ ಎತ್ತಿ ಕೆಳಗಿನ ಬೆಲೆ ತೋರಿಸಿದೆ. ಅಂಗಡಿಯವರು ಒಂದು ಕ್ಷಣ ನೋಡಿ, ಹಳೆಯ ಬೆಲೆಗೇ ಕೊಟ್ಟರು. ಮೇ ತಿಂಗಳಲ್ಲಿ ಅವರೇ ಹೆಚ್ಚು ಬೆಲೆ ಹೇಳಿದಾಗ ನಾನು ಮಾತಾಡದೆ ಕೊಟ್ಟು ಬಂದೆ. ಆಗ ಅದು ನಿಜವಾಗಿತ್ತು.