ರಿಖ್ಟರ್ ಯಾರಲ್ಲಿಯೂ ಕಲಿಯಲಿಲ್ಲವೇ?

ಮಾನ್ಯರೇ,

ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಖ್ಟರ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಆಲ್ದೂರಿನಿಂದ ತಾವು ಬರೆದ ಪತ್ರ ತಲುಪಿದೆ. ದ್ವಿತೀಯ ಪಿಯುಸಿಯಲ್ಲಿರುವ ತಮ್ಮ ಮಗ ಕೆಲವು ವರ್ಷಗಳಿಂದ ಕೀಬೋರ್ಡ್ ನುಡಿಸುತ್ತಿದ್ದು, ಪರೀಕ್ಷೆ ಮುಗಿದ ಮೇಲೆ ಅದನ್ನೇ ವೃತ್ತಿಯಾಗಿ ಹಿಡಿಯುವೆನೆನ್ನುತ್ತಾನೆ. ರಿಖ್ಟರ್ ತಾನಾಗಿಯೇ ಕಲಿತು 22ನೆಯ ವಯಸ್ಸಿಗೆ ಸಂಗೀತಶಾಲೆ ಸೇರಿದವರೆಂದು ನಮ್ಮ ಲೇಖನವನ್ನೇ ತಮ್ಮ ಮುಂದಿಡುತ್ತಾನೆ. ಅವನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಬಾಳೆಹೊನ್ನೂರಿನ ಹಳೆಯ ಬಂಗಲೆಯೊಂದರಲ್ಲಿ ಮಾರಾಟಕ್ಕಿರುವ ಪಿಯಾನೊವನ್ನು ಕೊಳ್ಳಬಹುದೇ ಎಂಬುದು ತಮ್ಮ ಎರಡನೆಯ ಪ್ರಶ್ನೆ.

1915ರಲ್ಲಿ ಉಕ್ರೇನಿನ ಝಿತೊಮಿರ್‌ನಲ್ಲಿ ಹುಟ್ಟಿದ ರಿಖ್ಟರ್, 1937ರಲ್ಲಿ ಮಾಸ್ಕೋ ಕನ್ಸರ್ವೇಟರಿ ಎಂಬ ಸಂಗೀತಶಾಲೆಗೆ ಬಂದು ಅಲ್ಲಿನ ಪಿಯಾನೊ ಗುರು ಹೈನ್ರಿಖ್ ನ್ಯೂಹೌಸ್ ಅವರ ಶಿಷ್ಯರಾದದ್ದು ನಿಜ. ಆದರೆ ಅದಕ್ಕೂ ಮೊದಲಿನ ವರ್ಷಗಳನ್ನು ತಮ್ಮ ಮಗ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ರಿಖ್ಟರ್ ಅವರ ತಂದೆ ತೆಯೋಫಿಲ್ ವಿಯೆನ್ನಾದಲ್ಲಿ ಕಲಿತ ಸಂಗೀತಗಾರರು. ಉಕ್ರೇನಿನ ಒಡೆಸ್ಸಾ ನಗರದ ಲೂಥರನ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಮನೆಯಲ್ಲಿ ಹುಡುಗನಿಗೆ ಕ್ರಮವಾದ ಪಾಠ ಹೆಚ್ಚೇನೂ ಆಗಲಿಲ್ಲವಾದರೂ, ಕೈಗೆ ಸಿಕ್ಕಿದ ಒಪೆರಾದ (ಹಾಡಿನಲ್ಲೇ ಸಾಗುವ ನಾಟಕದ) ಸ್ವರಲಿಪಿಯನ್ನೆಲ್ಲ ಪಿಯಾನೊದ ಮೇಲಿಟ್ಟುಕೊಂಡು, ವಾದ್ಯವೃಂದದ ಹತ್ತಾರು ಸಾಲುಗಳನ್ನು ಒಂದೇ ನೋಟಕ್ಕೆ ಹಿಡಿದು ನುಡಿಸುವ ಅಭ್ಯಾಸ ಬೆಳೆಯಿತು. ಹದಿಹರೆಯದಲ್ಲಿಯೇ ಹಾಡುಗಾರರಿಗೆ ಪಕ್ಕವಾದ್ಯ ನುಡಿಸತೊಡಗಿ, ಮುಂದೆ ಒಡೆಸ್ಸಾ ಒಪೆರಾದಲ್ಲಿ ಗಾಯಕರ ತಾಲೀಮಿಗೆ ಪಿಯಾನೊ ನುಡಿಸುವ ನೌಕರಿ ಹಿಡಿದರು. ಹೊಸ ಹಾಡುಗಾರರು, ಹೊಸ ಸ್ವರಲಿಪಿ, ತಪ್ಪಿದರೆ ಎಲ್ಲರೆದುರು ಮತ್ತೆ ಮೊದಲಿಂದ: ಆ ಕೆಲಸದ ರೀತಿಯೇ ಹಾಗೆ. 1934ರಲ್ಲಿ ಮೊದಲ ಬಾರಿಗೆ ಒಂಟಿಯಾಗಿ ಕಛೇರಿ ಕೊಟ್ಟಾಗ ಅವರು ನುಡಿಸಿದ್ದೆಲ್ಲ ಪೋಲೆಂಡಿನ ಸಂಗೀತರಚನಕಾರ ಶೊಪೆನ್ ಅವರ ಕೃತಿಗಳು. ಗುರುವಿನ ಮನೆಗೆ ಬರುವ ಹೊತ್ತಿಗೆ ಕೈ ಸಿದ್ಧವಾಗಿತ್ತು, ಕಿವಿ ಅದಕ್ಕಿಂತ ಹೆಚ್ಚು ಸಿದ್ಧವಾಗಿತ್ತು. ‘ತಾನಾಗಿಯೇ ಕಲಿತರು’ ಎಂಬ ಮಾತನ್ನು ಇಷ್ಟೆಲ್ಲದರ ಜೊತೆಗೆ ಓದಿಕೊಳ್ಳಬೇಕು.

ಅಮೆರಿಕದಲ್ಲಿ ಅವರು ಮೊದಲು ನುಡಿಸಿದ್ದು 1960ರಲ್ಲಿ, 45ನೆಯ ವಯಸ್ಸಿಗೆ. ಅದೂ ತಡವಲ್ಲವೇ ಎಂದು ಮಗ ಕೇಳಬಹುದು. ಸೋವಿಯೆತ್ ಸರ್ಕಾರ ಅಲ್ಲಿಯವರೆಗೆ ಅವರನ್ನು ಪಶ್ಚಿಮಕ್ಕೆ ಬಿಟ್ಟಿರಲಿಲ್ಲ. 1941ರಲ್ಲಿ ಅವರ ತಂದೆಯನ್ನು ಗೂಢಚಾರನೆಂಬ ಆರೋಪ ಹೊರಿಸಿ ಗುಂಡಿಟ್ಟು ಕೊಂದಿದ್ದರು. ತಾಯಿ ಜರ್ಮನಿ ಸೇರಿದ್ದರು. ಸ್ವದೇಶದಲ್ಲಿ ಅಷ್ಟರಲ್ಲಾಗಲೇ ಅವರು ದೊಡ್ಡ ಹೆಸರು. ಸೋವಿಯೆತ್ ಸಂಗೀತರಚನಕಾರ ಪ್ರೊಕೊಫಿಯೆವ್ ಅವರ ಏಳನೆಯ ಪಿಯಾನೊ ಸೊನಾಟವನ್ನು (ಹಲವು ಭಾಗಗಳ ದೀರ್ಘ ಕೃತಿ) 1943ರಲ್ಲಿ ಮೊದಲು ನುಡಿಸಿದವರೂ ಅವರೇ.

ಕಛೇರಿ ವಾದಕರ ಬದುಕು ಹೇಗಿರುತ್ತದೆಂದೂ ತಾವು ಕೇಳಿದ್ದೀರಿ. ವೈಣಿಕರು ತಮ್ಮ ವೀಣೆಯನ್ನು ಜೊತೆಗೊಯ್ಯುತ್ತಾರೆ. ಒಂಬತ್ತು ಅಡಿ ಉದ್ದದ, ಅರ್ಧ ಟನ್ನಿಗೆ ಸಮೀಪದ ಗ್ರ್ಯಾಂಡ್ ಪಿಯಾನೊವನ್ನು ಹಾಗೆ ಒಯ್ಯಲಾಗದು. ಹೋದ ಊರಿನಲ್ಲಿ ಇರುವ ವಾದ್ಯದೊಡನೆ ಒಂದೆರಡು ಗಂಟೆಯಲ್ಲಿ ಹೊಂದಿಕೊಂಡು ಸಂಜೆ ನುಡಿಸಬೇಕು. ರಿಖ್ಟರ್ ಅವರಿಗೆ ದೊಡ್ಡ ಸಭಾಂಗಣದ ಹಂಬಲ ಕಡಿಮೆ. ಫ್ರಾನ್ಸಿನ ತೂರ್ ನಗರದ ಬಳಿ, ನಮ್ಮ ಕಾಫಿ ಗೋದಾಮಿನಂತಹ 13ನೆಯ ಶತಮಾನದ ಕಣಜವೊಂದರಲ್ಲಿ 1964ರಲ್ಲಿ ಸಂಗೀತೋತ್ಸವ ಆರಂಭಿಸಿದರು; 1986ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಸೈಬೀರಿಯಾದ ಸಣ್ಣ ಸಣ್ಣ ಊರುಗಳಲ್ಲಿ ತಿಂಗಳುಗಟ್ಟಲೆ ಸುತ್ತಿ ನುಡಿಸಿದರು. ಕೊನೆಯ ವರ್ಷಗಳಲ್ಲಿ ಸ್ವರಗಳು ಕಿವಿಗೆ ಇದ್ದುದಕ್ಕಿಂತ ಮೇಲಿನ ಶ್ರುತಿಯಲ್ಲಿ ಕೇಳಿಸತೊಡಗಿದ್ದರಿಂದ, ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡೇ ನುಡಿಸುತ್ತಿದ್ದರು. ಸಭಾಂಗಣವೆಲ್ಲ ಕತ್ತಲು, ಪುಟದ ಮೇಲೆ ಮಾತ್ರ ಒಂದು ದೀಪ, ಪಕ್ಕದಲ್ಲಿ ಪುಟ ತಿರುವುವವರು. 1997ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು.

ಹದಿನೇಳಕ್ಕೆ ಪಿಯಾನೊ ಆರಂಭಿಸಿ ಒಂಟಿ ಕಛೇರಿಯ ವಾದಕನಾಗುವುದು ಬಹಳ ಕಷ್ಟವೆಂಬುದನ್ನು ತಮ್ಮ ಮಗನಿಂದ ಮುಚ್ಚಿಡಬೇಡಿ. ಸಂಗೀತದಿಂದ ಜೀವನ ಮಾಡುವುದು ಬೇರೆ ಮಾತು. ಪಕ್ಕವಾದ್ಯ, ಪಾಠ, ಸ್ಟುಡಿಯೊ ಕೆಲಸಗಳಿಗೆ ಈ ವಯಸ್ಸು ಅಡ್ಡಿಯಲ್ಲ. ಅನುಸರಿಸುವುದಾದರೆ ಒಡೆಸ್ಸಾದ ರಿಖ್ಟರರನ್ನು ಅನುಸರಿಸಲಿ: ಸ್ವರಲಿಪಿ ಓದಲು ಗಟ್ಟಿಯಾಗಿ ಕಲಿಯಲಿ, ಚಿಕ್ಕಮಗಳೂರಿನ ಚರ್ಚುಗಳಲ್ಲಿ, ಶಾಲೆಗಳ ಸಮಾರಂಭಗಳಲ್ಲಿ ಹಾಡುವವರ ಜೊತೆ ನುಡಿಸಲಿ. ವಾರಾಂತ್ಯಕ್ಕೆ ಬೆಂಗಳೂರಿನ ಗುರುಗಳೊಬ್ಬರ ಬಳಿಗೆ ಹೋಗಿಬರುವುದು ದೂರವಾದರೂ ಅಸಾಧ್ಯವೇನಲ್ಲ. ಪಿಯುಸಿಯನ್ನು ಮಾತ್ರ ಮುಗಿಸಲಿ.

ಪಿಯಾನೊದ ವಿಷಯದಲ್ಲಿ ಆತುರ ಬೇಡ. ಸುಮಾರು 230 ತಂತಿಗಳ, ಟನ್ನುಗಟ್ಟಲೆ ಎಳೆತವನ್ನು ಹೊತ್ತಿರುವ ವಾದ್ಯವದು. ಮಲೆನಾಡಿನ ಮಳೆಗಾಲದಲ್ಲಿ ತಂತಿಗಳ ನಾದವನ್ನು ಹಿಗ್ಗಿಸುವ ನಾದಫಲಕದ ಮರ ಉಬ್ಬಿ ಶ್ರುತಿ ಏರುತ್ತದೆ, ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ. ತಂತಿಗೆ ಬಡಿಯುವ ಸುತ್ತಿಗೆಗಳ ಮೇಲಿನ ಉಣ್ಣೆಯ ಫೆಲ್ಟಿಗೆ ಹುಳು ಬೀಳುತ್ತದೆ. ಶ್ರುತಿಯ ಮೊಳೆಗಳನ್ನು ಹಿಡಿದಿರುವ ಮರ ಸೀಳಿದ್ದರೆ ಎಷ್ಟು ಶ್ರುತಿ ಮಾಡಿದರೂ ನಿಲ್ಲದು. ಹೊರಗಿನ ಪಾಲಿಶ್ ನೋಡಿ ಮುಂಗಡ ಕೊಡದೆ, ಖರ್ಚಾದರೂ ಸರಿ, ಟ್ಯೂನರ್ ಒಬ್ಬರನ್ನು ಕರೆಸಿ ಒಳಗನ್ನು ತೋರಿಸಿ. ಅವರು ಬೇಡವೆಂದರೆ, 88 ಕೀಗಳಿರುವ, ಒತ್ತಿದಾಗ ಪಿಯಾನೊದಷ್ಟೇ ಭಾರ ಬೆರಳಿಗೆ ಸಿಗುವ ಡಿಜಿಟಲ್ ಪಿಯಾನೊ ಕೊಳ್ಳಿ. ಈಗ ಮನೆಯಲ್ಲಿರುವುದು 61 ಕೀಗಳದ್ದೆಂದು ಬರೆದಿದ್ದೀರಿ. ಅದರಲ್ಲಿ ಶೊಪೆನ್ ಕೃತಿಗಳ ಎರಡು ತುದಿಗಳೂ ಸಿಗುವುದಿಲ್ಲ.

— ಸಂಪಾದಕ