ಅಪ್ಪನ ಆಪರೇಷನ್‌ಗೆ ಕೋವಿಡ್ ಲಸಿಕೆ ಹಾಕಿಸಿಕೊಳ್ಳದವರ ರಕ್ತವೇ ಬೇಕು ಅಂತ ಪಟ್ಟು ಹಿಡಿಯಬಹುದೇ?

ಮುಂದಿನ ತಿಂಗಳು ಅಪ್ಪನಿಗೆ ಸೊಂಟದ ಕೀಲು ಬದಲಿಸುತ್ತಾರೆ, ಲಸಿಕೆ ಹಾಕಿಸಿಕೊಂಡವರ ರಕ್ತ ಬೇಡ, ನನ್ನ ತಮ್ಮ ಹಾಕಿಸಿಕೊಂಡಿಲ್ಲ, ಅವನನ್ನೇ ಕರೆದೊಯ್ಯಲೇ ಅಂತ ಕೇಳಿದ್ದೀರಿ. ನಾನು ಕರೆದೊಯ್ದಿದ್ದೆ, ನನ್ನ ತಮ್ಮನನ್ನು, ಅಮ್ಮನಿಗಾಗಿ.

ಅಮ್ಮ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಹಿಮೋಗ್ಲೋಬಿನ್ 9.1. ಮರುದಿನವೇ ಆಪರೇಷನ್, ಒಂದೆರಡು ಬಾಟಲಿ ರಕ್ತ ಬೇಕಾಗಬಹುದು ಅಂದರು. ರಕ್ತನಿಧಿಯದ್ದು ಬೇಡ, ನಮ್ಮವರದ್ದೇ ಕೊಡಿಸುತ್ತೇವೆ ಅಂತ ನಾನು ಅಡ್ಡ ನಿಂತೆ. ತಮ್ಮನದ್ದೂ ಓ ಪಾಸಿಟಿವ್. ರಕ್ತ ಕೊಡುವ ಮುಂಚೆ ತುಂಬಿಸುವ ಹಾಳೆಯಲ್ಲಿ ‘ರೋಗಿಗೆ ನೀವು ರಕ್ತಸಂಬಂಧಿಯೇ?’ ಅಂತ ಒಂದು ಸಾಲಿತ್ತು. ಹೌದು ಅಂದರೆ ಚೀಲವನ್ನು ವಿಕಿರಣಕ್ಕೆ ಕಳಿಸುತ್ತಾರೆ, ಯಂತ್ರ ಬೇರೆ ಕಡೆ ಇದೆ, ತಡವಾಗುತ್ತೆ ಅಂತ ಸಾಲಿನಲ್ಲಿ ನಿಂತಿದ್ದ ಯಾರೋ ಹೇಳಿದರು. ‘ಇಲ್ಲ ಅಂತ ಹಾಕು, ಸ್ನೇಹಿತ ಅಂತ ಬರಿ’ ಅಂದೆ. ಅವನು ಹಾಗೇ ಬರೆದ.

ಆ ಒಂದು ಸುಳ್ಳಿನಿಂದ ಏನಾಗಬಹುದಿತ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಹೋಗಿ ನಿಲ್ಲುತ್ತೀರಿ. ಕೆಂಪು ರಕ್ತದ ಚೀಲದಲ್ಲಿ ದಾನಿಯ ಬಿಳಿ ರಕ್ತಕಣಗಳೂ ಒಂದಿಷ್ಟು ಉಳಿದಿರುತ್ತವೆ. ಸಾಮಾನ್ಯವಾಗಿ ರೋಗಿಯ ದೇಹ ಅವನ್ನು ಪರಕೀಯ ಅಂತ ಗುರುತಿಸಿ ಕೊಂದುಹಾಕುತ್ತದೆ. ಈಗ ಅಮ್ಮನ ಅಂಗಾಂಶದ ಗುರುತು ಕ-ಖ ಅಂತಿಟ್ಟುಕೊಳ್ಳಿ. ಮಗನಿಗೆ ಅಮ್ಮನಿಂದ ಒಂದು ಕ ಬಂತು, ಅಪ್ಪನಿಂದಲೂ ಅಕಸ್ಮಾತ್ ಅಂಥದೇ ಕ ಬಂತು. ಅವನು ಕ-ಕ. ಅವನ ಕಣಗಳಲ್ಲಿ ಅಮ್ಮನ ದೇಹಕ್ಕೆ ಹೊಸದೇನೂ ಕಾಣುವುದಿಲ್ಲ, ಒಳಗೆ ಬಿಟ್ಟುಕೊಳ್ಳುತ್ತದೆ. ಅವನ ಕಣಗಳಿಗೆ ಮಾತ್ರ ಅಮ್ಮನ ಖ ಪರಕೀಯ. ಅವು ಅಲ್ಲೇ ಬೆಳೆದು ಅಮ್ಮನ ಚರ್ಮ, ಕರುಳು, ಯಕೃತ್ತು, ಕೊನೆಗೆ ಅಸ್ಥಿಮಜ್ಜೆಯ ಮೇಲೇ ಬೀಳುತ್ತವೆ. ರಕ್ತ ಕೊಟ್ಟು ಎಂಟು-ಹತ್ತು ದಿನಕ್ಕೆ ಜ್ವರ, ಮೈಯೆಲ್ಲ ಕೆಂಪು ದದ್ದು, ಭೇದಿ. ಬಲು ಅಪರೂಪ, ಆದರೆ ಬಂದರೆ ನೂರರಲ್ಲಿ 90ಕ್ಕೂ ಹೆಚ್ಚು ಜನ ಉಳಿಯುವುದಿಲ್ಲ. ದಾನಿ ಯಾರೋ ಅಪರಿಚಿತನಾದರೆ ಗುರುತುಗಳು ಹೀಗೆ ಹೊಂದಿಕೊಳ್ಳುವ ಸಂಭವ ತೀರ ಕಡಿಮೆ. ಮಗ, ತಮ್ಮ, ಅಕ್ಕ ಅಂದ ಕೂಡಲೇ ಅದು ಏರುತ್ತದೆ. ಬಿಳಿಕಣ ಸೋಸುವ ಫಿಲ್ಟರ್ ಒಂದನ್ನೇ ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಚೀಲಕ್ಕೆ ಕನಿಷ್ಠ 25 ಗ್ರೇ (ವಿಕಿರಣ ಅಳೆಯುವ ಮಾನ) ವಿಕಿರಣ ಹಾಯಿಸಿದರೆ ಆ ಕಣಗಳು ಮತ್ತೆ ವಿಭಜನೆಯಾಗಲಾರವು. ಹಾಯಿಸಿದ ಮೇಲೆ ಕೆಂಪುಕಣಗಳಿಂದ ಪೊಟ್ಯಾಸಿಯಂ ಬೇಗ ಸೋರುತ್ತದೆ, ಹಾಗಾಗಿ ಆ ಚೀಲವನ್ನು ತುಂಬ ದಿನ ಇಡುವಂತೆಯೂ ಇಲ್ಲ.

ಪರೀಕ್ಷೆಗಳು ಮುಗಿದು ಚೀಲ ಕೈಗೆ ಸಿಗಲು ಎರಡು ದಿನ ಹಿಡಿಯಿತು. ಮೂರನೇ ದಿನ ಬೆಳಿಗ್ಗೆ ಅರಿವಳಿಕೆ ವೈದ್ಯೆ ಬಂದಾಗ ಅಮ್ಮ ಹೆಮ್ಮೆಯಿಂದ ಅಂದರು: ‘ನನ್ನ ಚಿಕ್ಕ ಮಗಂದೇ ರಕ್ತ ಡಾಕ್ಟ್ರೇ, ಬೇರೆಯವರದ್ದಲ್ಲ.’ ವೈದ್ಯೆ ಕೈಯಲ್ಲಿದ್ದ ಫೈಲು ಮುಚ್ಚಿ ನನ್ನ ಕಡೆ ತಿರುಗಿದರು. ಚೀಲ ವಿಕಿರಣಕ್ಕೆ ಹೋಯಿತು. ಆಪರೇಷನ್ ಆಗಿದ್ದು ಐದನೇ ದಿನ. ಅಷ್ಟರಲ್ಲಿ ಅಮ್ಮನ ಬೆನ್ನ ಕೆಳಗೆ ಹಾಸಿಗೆ ಹುಣ್ಣು ಎದ್ದಿತ್ತು. ಅವರು ವಾಕರ್ ಹಿಡಿದು ಓಡಾಡಲು ಶುರುಮಾಡಿದ ಮೇಲೂ ಅದಕ್ಕೆ ದಿನಾ ಡ್ರೆಸ್ಸಿಂಗ್ ನಡೆಯುತ್ತಿತ್ತು. ಅಂದಹಾಗೆ ಎರಡು ಚೀಲ ಬೇಕಾಯಿತು. ಎರಡನೆಯದು ಯಾರದ್ದೋ, ಯಾವ ಲಸಿಕೆಯೋ, ಆ ಹೊತ್ತಿಗೆ ನಾನು ಕೇಳಲೂ ಇಲ್ಲ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಚೀಲದ ಮೇಲೆ ಗುಂಪು, ಸಂಖ್ಯೆ, ತೆಗೆದ ದಿನ, ಅವಧಿ ಮುಗಿಯುವ ದಿನ ಇರುತ್ತದೆ. ಕೋವಿಡ್ ಲಸಿಕೆಯ ವಿಷಯ ಇರುವುದಿಲ್ಲ. ಇತ್ತೀಚೆಗೆ ಯಾವ ಲಸಿಕೆ ಹಾಕಿಸಿಕೊಂಡಿರಿ ಅಂತ ದಾನಿಯನ್ನು ಕೇಳುವುದುಂಟು, ಆದರೆ ಅದರ ಕಾರಣ ಬೇರೆ. ದಡಾರದಂಥ ಜೀವಂತ ಲಸಿಕೆಯಾದರೆ ನಾಲ್ಕು ವಾರ ಕಾಯಿಸುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯಾದರೂ ಸ್ವಲ್ಪ ದಿನ ತಡೆಯುತ್ತಾರೆ, ಏಕೆಂದರೆ ಪರೀಕ್ಷೆ ಹುಡುಕುವ ಪ್ರೋಟೀನೇ ಆ ಲಸಿಕೆಯಲ್ಲಿರುತ್ತದೆ, ಸೋಂಕಿಲ್ಲದವನಿಗೂ ಪಾಸಿಟಿವ್ ಬರಬಹುದು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯಲ್ಲಿರುವುದು ವೈರಸ್‌ನ ಒಂದು ಪ್ರೋಟೀನ್ ಮಾಡುವ ಸೂಚನೆ, ಜೀವಂತ ವೈರಸ್ ಅಲ್ಲ. ಅದನ್ನು ಓದಿ ಪ್ರೋಟೀನ್ ಮಾಡಲು ಜೀವಕೋಶದೊಳಗೆ ರೈಬೋಸೋಮ್ ಅನ್ನುವ ಪ್ರೋಟೀನ್ ಕಾರ್ಖಾನೆ ಬೇಕು, ಬೆಳೆದ ಕೆಂಪುಕಣದಲ್ಲಿ ಅದೇ ಇಲ್ಲ. ಇನ್ನು ಪ್ರತಿಕಾಯಗಳ ಮಾತು: ಲಸಿಕೆ ಹಾಕಿಸಿಕೊಳ್ಳದ ನಿಮ್ಮ ತಮ್ಮನಿಗೆ ಒಮ್ಮೆ ಕೋವಿಡ್ ಬಂದು ಹೋಗಿದ್ದರೆ ಅವನ ರಕ್ತದಲ್ಲೂ ಸ್ಪೈಕ್ (ವೈರಸ್‌ನ ಮೇಲ್ಮೈ ಪ್ರೋಟೀನ್) ವಿರುದ್ಧದ ಪ್ರತಿಕಾಯ ಇರುವ ಸಂಭವವೇ ಹೆಚ್ಚು. ಹಾಗಾದರೆ ನೀವು ಬೇರ್ಪಡಿಸಲು ಹೊರಟಿರುವುದು ಏನನ್ನು?

ನನ್ನನ್ನು ಈಗಲೂ ಹೆದರಿಸುವುದು ಬೇರೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ತಗುಲಿದ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಗೂ ಸಿಗದ ಒಂದು ಅವಧಿ ಇದೆ. ಅಲ್ಲಿ ಕಾಪಾಡುವುದು ದಾನಿಯ ನಿಜವಾದ ಉತ್ತರ ಮಾತ್ರ. ಮನೆಯವರೆಲ್ಲ ಹೊರಗೆ ಕಾದು ಕೂತಿರುವಾಗ ‘ನಾನು ಕೊಡುವಂತಿಲ್ಲ’ ಅನ್ನುವ ಧೈರ್ಯ ಎಷ್ಟು ತಮ್ಮಂದಿರಿಗೆ ಇರುತ್ತದೆ? ನನ್ನವನು ನನ್ನ ಒಂದು ಮಾತಿಗೆ ಸುಳ್ಳು ಬರೆದ.

ನನಗೆ ಸಿಗದಿದ್ದ ಸಮಯ ನಿಮಗಿದೆ. ಅದನ್ನು ದಾನಿ ಹುಡುಕಲು ಸುಡಬೇಡಿ. ನಾಳೆಯೇ ಅಪ್ಪನ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಪರೀಕ್ಷೆ) ಮಾಡಿಸಿ. ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆ, ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶದ ಕೊರತೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಅಷ್ಟು ಇಲ್ಲದಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶದ ಬಗ್ಗೆ ಕೇಳಿ. ಆ ವಯಸ್ಸಿನ ಗಂಡಸಿಗೆ ಕೊರತೆ ಇದ್ದರೆ ಹೊಟ್ಟೆ, ಕರುಳಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಅಂತ ನೋಡಿಸಲೇಬೇಕು. ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೀರಾ, ಹಿಮೋಗ್ಲೋಬಿನ್ ಎಷ್ಟಕ್ಕೆ ಇಳಿದರೆ ರಕ್ತ ಕೊಡುತ್ತೀರಿ ಅಂತಲೂ ಮೊದಲೇ ಕೇಳಿಕೊಳ್ಳಿ. ಬಹಳಷ್ಟು ರೋಗಿಗಳಲ್ಲಿ ಅದು 7, ಇಂಥ ಮೂಳೆಯ ಆಪರೇಷನ್ ಆದವರಲ್ಲಿ, ಹೃದ್ರೋಗ ಇದ್ದವರಲ್ಲಿ 8ರ ಆಸುಪಾಸು. ಒಂದು ಚೀಲಕ್ಕೆ ಸುಮಾರು 1 ಗ್ರಾಂ ಏರುತ್ತದೆ. ಅಪ್ಪನದ್ದೇ ರಕ್ತ ಮುಂಚೆ ತೆಗೆದಿಡೋಣ ಅನ್ನುವವರ ಮಾತು ಕೇಳಬೇಡಿ, ಅವರನ್ನು ರಕ್ತಹೀನರನ್ನಾಗಿ ಮಾಡಿಯೇ ಆಪರೇಷನ್‌ಗೆ ಕಳಿಸಿದಂತಾಗುತ್ತದೆ. ಇಷ್ಟೆಲ್ಲ ಆದಮೇಲೂ ರಕ್ತ ಬೇಡ ಅನ್ನುವ ಹಕ್ಕು ಅಪ್ಪನಿಗಿದೆ, ನಿಮಗಿಲ್ಲ. ಅವರನ್ನೇ ಕೇಳಿದ್ದೀರಾ?

ಚೀಲ ಹಾಸಿಗೆಯ ಬಳಿ ಬಂದಾಗ ನಿಮ್ಮ ಕಣ್ಣು ಅಪ್ಪನ ಕೈಪಟ್ಟಿಯ ಮೇಲಿರಲಿ. ಅದರಲ್ಲಿರುವ ಹೆಸರು, ಆಸ್ಪತ್ರೆ ಸಂಖ್ಯೆಯನ್ನು ನರ್ಸ್ ಚೀಲದ ಚೀಟಿ ಜೊತೆ ಗಟ್ಟಿಯಾಗಿ ಓದಿ ಹೊಂದಿಸಲಿ. ಒಬ್ಬರ ಚೀಲ ಇನ್ನೊಬ್ಬರಿಗೆ ಹೋಗಿ ಗುಂಪು ಹೊಂದದಿದ್ದರೆ ಮೊದಲ ಕೆಲವು ಮಿಲಿಲೀಟರ್ ಸಾಕು ಅನಾಹುತಕ್ಕೆ. ಮೊದಲ 15 ನಿಮಿಷ ಪಕ್ಕದಲ್ಲೇ ಕೂತಿರಿ. ಚಳಿ, ಸೊಂಟನೋವು, ಉಸಿರುಕಟ್ಟು, ಏನು ಅಂದರೂ ತಕ್ಷಣ ನರ್ಸ್‌ನ ಕರೆದು ರಕ್ತ ನಿಲ್ಲಿಸಲು ಹೇಳಿ.